ದುಬಾಯಿಯ ಅಪ್ಪ, ಕಣ್ಣೂರಿನ ಫೋನು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಜೈಲಿಗೂ ನನಗೂ ಸಂಬಂಧ ಶುರುವಾದದ್ದು ಒಂದು ಚಾಕಲೇಟ್ ಪೊಟ್ಟಣದಿಂದ.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆ ತಪ್ಪಿಸತೊಡಗಿದಳು. ಮನೆಗೆ ಹೋದೆ. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಗಳನ್ನು ಬಾವಿ ಕಡೆ ಕಳಿಸಿ ಮೆಲ್ಲಗೆ ವಿಷಯ ಹೇಳಿದರು. ಗಂಡನಿಗೆ ಶಿಕ್ಷೆಯಾಗಿದೆ, ಕಣ್ಣೂರು ಸೆಂಟ್ರಲ್ ಜೈಲಿನಲ್ಲಿದ್ದಾರೆ. "ಅವಳಿಗೆ ಗೊತ್ತಿಲ್ಲ ಟೀಚರೇ. ದುಬಾಯಿಗೆ ಹೋಗಿದ್ದಾರೆ ಅಂತ ಹೇಳಿದ್ದೇನೆ."

ನಮ್ಮ ಊರಲ್ಲಿ ಈ ಸುಳ್ಳು ಸುಲಭ. ಗಲ್ಫಿಗೆ ಹೋದವರಿಲ್ಲದ ಓಣಿ ಯಾವುದುಂಟು? ನಾನೂ ಅದಕ್ಕೆ ಸೇರಿಕೊಂಡೆ. ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಫಾರಿನ್ ಸಾಮಾನಿನ ಅಂಗಡಿಯಿಂದ ಚಾಕಲೇಟ್ ತಂದು, "ನಿನ್ನಪ್ಪ ಯಾರದೋ ಕೈಯಲ್ಲಿ ಕಳಿಸಿದ್ದು" ಅಂತ ಕೊಟ್ಟೆ. ಹಿಂದೆ ಅಂಗಡಿಯವರ ರೂಪಾಯಿ ಸ್ಟಿಕ್ಕರ್ ಹಾಗೇ ಇತ್ತು. ನಾನು ನೋಡಿರಲಿಲ್ಲ, ಅವಳು ನೋಡಿದ್ದಳು. ಒಂದು ವಾರ ಸುಮ್ಮನಿದ್ದು, ಆಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಟೀಚರ್, ದುಬಾಯಿಯ ಫೋನ್ ನಂಬರ್ 0497ರಲ್ಲಿ ಶುರುವಾಗ್ತದಾ?"

0497 ಕಣ್ಣೂರಿನ ಕೋಡು. ಅಪ್ಪನ ಫೋನ್ ಬಂದಾಗಲೆಲ್ಲ ಅಮ್ಮನ ಮೊಬೈಲಿನಲ್ಲಿ ಅದನ್ನು ನೋಡಿದ್ದಾಳೆ. ಎಷ್ಟು ತಿಂಗಳಿಂದ ಒಬ್ಬಳೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೋ.

ಅವತ್ತು ಸಂಜೆ ಅವರ ಮನೆಗೆ ಹೋದೆ. ಹೇಳಿದ್ದು ಅಮ್ಮ, ನಾನಲ್ಲ. ತುಳುವಿನಲ್ಲಿ, ಅವರ ಮನೆಮಾತಿನಲ್ಲಿ ಹೇಳಿದರು. ಅಪ್ಪ ಜೈಲಿನಲ್ಲಿದ್ದಾರೆ, ತಪ್ಪು ಮಾಡಿದ್ದಾರೆ ಅಂತ ಕೋರ್ಟು ಹೇಳಿದೆ, ಅದು ನಿನ್ನಿಂದ ಆದದ್ದಲ್ಲ. ಅಷ್ಟೇ. ಅತ್ತಾಳು ಅಂದುಕೊಂಡಿದ್ದೆ. ಅವಳು ಕೇಳಿದ್ದು, ಅಲ್ಲಿ ಊಟ ಕೊಡ್ತಾರಾ, ಮಲಗಲಿಕ್ಕೆ ಚಾಪೆ ಉಂಟಾ ಅಂತ. ಮುಂದೆ ನಾನು ಹೋದ ಮನೆಗಳಲ್ಲೂ ಮಕ್ಕಳು ಮೊದಲು ಕೇಳಿದ್ದು ಹೆಚ್ಚುಕಡಿಮೆ ಇವನ್ನೇ. ಏನು ಕೇಸು ಅಂತ ಕೇಳುವವರು ನೆರೆಕರೆಯವರು.

ನಾನು ಕೇಸಿನ ವಿಷಯ ಕೇಳುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಉಂಟು. ಆ ಅಪ್ಪನ ಕೇಸಿನಲ್ಲಿ ಪೆಟ್ಟು ತಿಂದವರ ಮನೆಯ ಹುಡುಗ ಅದೇ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದ. ಅವನ ಅಜ್ಜ ಒಂದು ದಿನ ದಾರಿಯಲ್ಲಿ ನಿಲ್ಲಿಸಿ, "ಟೀಚರ್ ಆ ಮನೆಗೆ ಮಾತ್ರ ಹೋಗುವುದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಗೂ ಹೋಗಬೇಕಿತ್ತು, ಹೋಗಿರಲಿಲ್ಲ. ಆಮೇಲೆ ಹೋದೆ. ಚಾ ಕೊಟ್ಟರು, ಮಾತು ಜಾಸ್ತಿ ಆಡಲಿಲ್ಲ.

ನಿವೃತ್ತಿಯ ನಂತರ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ ಆದೆ, ಅಂದರೆ ಜನರಿಗೆ ಕಾನೂನಿನ ನೆರವಿನ ದಾರಿ ತೋರಿಸುವ ಸ್ವಯಂಸೇವಕಿ. ಆಗ ಗೊತ್ತಾಯಿತು, ಆ ಅಮ್ಮ ಅಪೀಲಿಗೆ ಅಂತ ಕಿವಿಯ ಓಲೆ ಅಡವಿಟ್ಟದ್ದು ಸುಮ್ನೆ ಅಂತ. 1987ರ ಕಾನೂನು ಸೇವೆಗಳ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರು, ಮಕ್ಕಳಿಗೂ ಸಿಗುತ್ತಾರೆ. ಜೈಲಿನಿಂದಲೇ ಅರ್ಜಿ ಕೊಡಬಹುದು. ಮನೆಯವರು ವಿದ್ಯಾನಗರದ ಕೋರ್ಟಿಗೆ ಹೋಗಬಹುದು, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು. ಈಗ ಯಾವ ಮನೆಗೆ ಹೋದರೂ ಚಿನ್ನಕ್ಕೆ ಕೈ ಹಾಕುವ ಮೊದಲೇ ಇದನ್ನು ಹೇಳಿಬಿಡುತ್ತೇನೆ.

ಮನೆ ನಡೆಯುವ ದುಡ್ಡಿನದ್ದು ಬೇರೆಯೇ ಕಥೆ. ಬೀಡಿಯಿಂದ ಬರುವುದು ಅಕ್ಕಿ, ಮೀನಿಗೆ ಸಾಕಾದರೆ ಹೆಚ್ಚು. ಕೈದಿಗಳ ಮಕ್ಕಳ ಓದಿಗೆ ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ಸಹಾಯ ಉಂಟು. ಅದನ್ನು ನೋಡಿಕೊಳ್ಳುವುದು ಜಿಲ್ಲಾ ಪ್ರೊಬೇಷನ್ ಆಫೀಸು. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಯ ಸ್ಪಾನ್ಸರ್‌ಶಿಪ್ ಇದೆ. ಅಪ್ಪ ಜೈಲಿನಲ್ಲಿದ್ದಾನೆ ಅಂದ ತಕ್ಷಣ ಅದು ಸಿಗುವುದಿಲ್ಲ. ಮನೆಯ ಆದಾಯ, ಪರಿಸ್ಥಿತಿ ನೋಡುತ್ತಾರೆ. ಗಂಡನ ಸಹಿ ಬೇಕಾದ ಕಾಗದವಿದ್ದರೆ ಜೈಲಿಗೆ ಕಳಿಸಬೇಕು, ಸೂಪರಿಂಟೆಂಡೆಂಟರು ದೃಢೀಕರಿಸಿ ಕೊಡುತ್ತಾರೆ. ಇದು ಗೊತ್ತಿಲ್ಲದೆ ಸೊಸೈಟಿಯ ಒಂದು ಪೇಪರಿಗೆ ನಾವು ಎರಡು ತಿಂಗಳು ಅಲೆದೆವು.

ಎಲ್ಲಕ್ಕಿಂತ ತಲೆ ತಿಂದದ್ದು ಭಾಷೆ. ಅಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಫಾರಂ ಎಲ್ಲ ಮಲಯಾಳದಲ್ಲಿ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕ್ಯೂ ಎದುರಿಗೇ "ಗಂಡ ಎಲ್ಲಿ?" ಅಂತ ಜೋರಾಗಿ ಕೇಳಿದರು. ಆಕೆ ಕಾಗದ ಮಡಚಿ ಹೊರಟೇಬಿಟ್ಟರು. ಅಂದಿನಿಂದ ನಾನು ಮನೆಯಲ್ಲೇ ಕೂತು ತುಂಬಿಸುತ್ತೇನೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡದವರಿಗೆ ಕನ್ನಡದಲ್ಲೇ ಸರ್ಕಾರಕ್ಕೆ ಬರೆಯುವ ಅವಕಾಶ ಕೊಟ್ಟಿದೆ. ಮೊದಲ ಅರ್ಜಿಯನ್ನು ಹಟ ಹಿಡಿದು ಕನ್ನಡದಲ್ಲಿ ಮಾತ್ರ ಕೊಟ್ಟೆ. ಅದು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಮಳೆಗಾಲ ಮುಗಿಯಿತು. ಈಗ ಕನ್ನಡದ ಅರ್ಜಿಗೆ ಮಲಯಾಳದ ಅನುವಾದವನ್ನೂ ಪಿನ್ ಮಾಡುತ್ತೇನೆ. ನಮ್ಮ ಕನ್ನಡ ಸಂಘದ ಗೆಳೆಯರೊಬ್ಬರಿಗೆ ಇದು ಇಷ್ಟವಿಲ್ಲ. ಅವರ ಮಾತೂ ಸರಿಯೇ. ಆದರೆ ಫೀಸು ಕಟ್ಟುವ ದಿನ ನಮಗಾಗಿ ಕಾಯುವುದಿಲ್ಲ, ಅಲ್ವಾ?

ಭೇಟಿಯ ದಿನಕ್ಕೂ ತಯಾರಿ ಬೇಕು. ಹಿಂದಿನ ದಿನವೇ ಜೈಲಿಗೆ ಫೋನ್ ಮಾಡಿ ಕೇಳುತ್ತೇನೆ. ಆಧಾರ್ ಇಟ್ಟುಕೊಳ್ಳುತ್ತೇನೆ. ಅಪ್ಪನನ್ನು ಮುಟ್ಟಲು ಆಗದೆ ಇರಬಹುದು, ಹೊತ್ತು ಬೇಗ ಮುಗಿಯುತ್ತದೆ ಅಂತ ಮಗುವಿಗೆ ಮೊದಲೇ ಹೇಳುತ್ತೇನೆ. ಆ ಹುಡುಗಿ ಬೆಳಿಗ್ಗಿನ ರೈಲಿನಲ್ಲಿ ಹೇಳಬೇಕಾದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಒಳಗೆ ಹೋದ ಮೇಲೆ ಒಂದನ್ನೂ ಓದಲಿಲ್ಲ. ಅಪ್ಪ "ಹಲ್ಲು ಬಿದ್ದಿತಾ?" ಅಂದರು, ಅವಳು ಬಾಯಿ ತೆರೆದು ತೋರಿಸಿದಳು. ಹೊರಗೆ ಕೈದಿಗಳು ಮಾಡಿದ ತಿಂಡಿ ಮಾರುವ ಕೌಂಟರ್ ಉಂಟು. ಚಪಾತಿ ಪೊಟ್ಟಣ ತೆಗೆದುಕೊಂಡೆವು. ಕಾಸರಗೋಡು ಬರುವವರೆಗೆ ಅದನ್ನು ಬಿಚ್ಚಲು ಬಿಡಲಿಲ್ಲ. ಅಜ್ಜಿಗೂ ಕೊಡಬೇಕಂತೆ. ದೂರ ಹೋಗಲು ಆಗದವರಿಗೆ ಇ-ಮುಲಾಕಾತ್ ಅಂತ ವಿಡಿಯೋ ಭೇಟಿ ಇದೆ, ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ಆದರೆ ಚಿಕ್ಕ ಮಕ್ಕಳಿಗೆ ಒಮ್ಮೆಯಾದರೂ ಎದುರಿಗೆ ನೋಡುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಅವಳೀಗ ಎಂಟನೇ ಕ್ಲಾಸು. ನನ್ನ ಕೈಯಲ್ಲಿ ಈಗ ಪೆರ್ಲದ ಆಚೆಯ ಇನ್ನೊಂದು ಮನೆ ಉಂಟು. ಅಲ್ಲಿಯ ಅಪ್ಪ ಅಬುಧಾಬಿಯಲ್ಲಿ! ನಿಜ ಹೇಳೋಣ ಅಂದರೆ ಅಜ್ಜಿ ಕೈ ಮುಗಿಯುತ್ತಾರೆ. ಮೊನ್ನೆ ಎರಡನೇ ಕ್ಲಾಸಿನ ಹುಡುಗ ನನ್ನ ಸೀರೆ ಹಿಡಿದು, "ಅಬುಧಾಬಿಗೆ ರೈಲು ಉಂಟಾ ಟೀಚರ್?" ಅಂದ. ಅಮ್ಮ ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ. "ಇಲ್ಲ ಮಗಾ, ರೈಲಿಲ್ಲ" ಅಂದೆ. ಅಷ್ಟು ಮಾತ್ರ ನಿಜ ಹೇಳಿ ಬಂದಿದ್ದೇನೆ. ಬರುವ ಶನಿವಾರ ಮತ್ತೆ ಹೋಗಬೇಕು.