ಫ್ಲ್ಯಾಟ್ ಐಕಾನ್‌ಗಳನ್ನು ಬಳಸುವ ಬಗೆ

2013ರಲ್ಲಿ ಆಪಲ್‌ನ ಮೊಬೈಲ್ ಕಾರ್ಯವ್ಯವಸ್ಥೆಯಾದ ಐಒಎಸ್ 7 ಬಂದಾಗ, ಅಲ್ಲಿಯವರೆಗೆ ಐಫೋನ್ ಮತ್ತು ಐಪ್ಯಾಡ್‌ಗಳ ತೆರೆಯನ್ನು ತುಂಬಿದ್ದ ಚರ್ಮದ ಹೊಲಿಗೆ, ಹಸಿರು ಬಟ್ಟೆಯ ಹಾಸು ಮೊದಲಾದ ಅಲಂಕಾರಗಳು ಬಹುಮಟ್ಟಿಗೆ ಮರೆಯಾಗಿ ಸರಳ, ಚಪ್ಪಟೆ ಆಕೃತಿಗಳು, ಅಂದರೆ ಫ್ಲ್ಯಾಟ್ ಐಕಾನ್‌ಗಳು ಬಂದವು. ಮೈಕ್ರೋಸಾಫ್ಟ್ 2010ರ ವಿಂಡೋಸ್ ಫೋನ್ 7ರಲ್ಲಿಯೇ ಈ ದಾರಿ ಹಿಡಿದಿತ್ತು. ನೆರಳು, ಹೊಳಪುಗಳು ಹೋದ ಮೇಲೆ ಐಕಾನಿಗೆ ಮುಖ್ಯ ಆಸರೆಯಾಗಿ ಉಳಿಯುವುದು ಅದರ ಹೊರರೇಖೆ. ಆದ್ದರಿಂದ ಬಣ್ಣ ಆರಿಸುವ ಮೊದಲೇ ಆಕೃತಿಗೆ ಪೂರ್ತಿ ಕಪ್ಪು ತುಂಬಿ, 24 ಪಿಕ್ಸೆಲ್‌ಗೆ ಇಳಿಸಿ, ಏನೆಂದು ಹೇಳದೆ ಇನ್ನೊಬ್ಬರಿಗೆ ತೋರಿಸಿ ನೋಡಬೇಕು. ಓದು ಬಾರದವರೂ ಗುರುತಿಸಲೆಂದು 1951-52ರ ಮೊದಲ ಮಹಾಚುನಾವಣೆಯಿಂದ ಬಳಕೆಯಲ್ಲಿರುವ ನಮ್ಮ ಚುನಾವಣಾ ಚಿಹ್ನೆಗಳು ಮತಪತ್ರದಲ್ಲಿ ಸಣ್ಣದಾಗಿ ಕಪ್ಪು ಬಿಳುಪಿನಲ್ಲಿ ಅಚ್ಚಾದಾಗಲೂ ಗುರುತು ಸಿಗುವುದು ಹೊರರೇಖೆಯ ಬಲದಿಂದಲೇ.

ಅಳತೆಗೆ ಗೂಗಲ್‌ನ ಮಟೀರಿಯಲ್ ವಿನ್ಯಾಸ ಪದ್ಧತಿ ಒಳ್ಳೆಯ ಆಧಾರ. ಅದರಲ್ಲಿ 24×24ರ ಚೌಕಟ್ಟಿನ ಸುತ್ತ 2ರಷ್ಟು ಅಂಚು ಬಿಟ್ಟು, ವೃತ್ತಕ್ಕೆ 20ರ ವ್ಯಾಸವನ್ನೂ ಚೌಕಕ್ಕೆ 18ರ ಬದಿಯನ್ನೂ ಕೊಡುತ್ತಾರೆ. ಒಂದೇ ಅಳತೆ ಕೊಟ್ಟರೆ ಮೂಲೆಗಳಿರುವ ಚೌಕ ವೃತ್ತಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗೆರೆಯ ದಪ್ಪ ಎಲ್ಲ ಐಕಾನ್‌ಗಳಲ್ಲೂ ಒಂದೇ ಇರಲಿ. ಗೆರೆಯಷ್ಟೇ ಇರುವ ಐಕಾನನ್ನೂ ಬಣ್ಣ ತುಂಬಿದ ಐಕಾನನ್ನೂ ಮನಬಂದಂತೆ ಬೆರೆಸದೆ, ತುಂಬಿದ್ದನ್ನು ಆಯ್ಕೆಯಾದ ಟ್ಯಾಬಿಗೆ ಮಾತ್ರ ಮೀಸಲಿಡುವುದು ಲೇಸು.

ಸಿದ್ಧ ಸಂಗ್ರಹಗಳಿಂದ ತೆಗೆದುಕೊಳ್ಳುವುದಾದರೆ ಪರವಾನಗಿ ಓದುವುದರ ಜೊತೆಗೆ, ಆ ಚಿತ್ರ ನಮ್ಮ ಕಣ್ಣಿಗೆ ಪರಿಚಿತವೇ ಎಂದೂ ನೋಡಬೇಕು. ಅಲ್ಲಿ ಹಣವೆಂದರೆ ಡಾಲರ್ ಗುರುತು, ಅಂಚೆ ಪೆಟ್ಟಿಗೆಯೆಂದರೆ ಬಾವುಟ ಸಿಕ್ಕಿಸಿದ ಅಮೆರಿಕದ ಡಬ್ಬಿ. 2010ರಿಂದ ನಮ್ಮದೇ ₹ ಚಿಹ್ನೆ ಇರುವಾಗ ಬೆಂಗಳೂರಿನ ಬಿಲ್ ಪಾವತಿ ಆ್ಯಪ್‌ನಲ್ಲಿ ಡಾಲರ್ ನಾಣ್ಯ ಕಾಣುವುದು ಸೋಮಾರಿತನವಲ್ಲದೆ ಬೇರೇನಲ್ಲ.

ಐಕಾನಿನ ಕೆಳಗೆ ಹೆಸರನ್ನೂ ಬರೆಯಬೇಕು. ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ಜಾಗದಲ್ಲಿ ‘ಸೆಟ್ಟಿಂಗ್ಸ್’ ಎಂದು ಬರೆದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವ ಸಂಭವವಿರುವುದರಿಂದ, ಸಾಲಿನ ಎತ್ತರವನ್ನು ಕನ್ನಡ ಪದವಿಟ್ಟೇ ನಿಗದಿಪಡಿಸಬೇಕು.

ಬಣ್ಣದ ವಿಷಯದಲ್ಲಿ, ಅರ್ಥ ತಿಳಿಸುವ ಐಕಾನ್ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 3:1 ಹೊಳಪಿನ ವ್ಯತ್ಯಾಸವಿರಬೇಕೆಂದು ವೆಬ್ ಎಲ್ಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ 2.1 ಹೇಳುತ್ತದೆ, ತಿಳಿಬೂದು ಗೆರೆಗಳ ಮೋಹಕ್ಕೆ ಬಿದ್ದವರು ಮೊದಲು ಸೋಲುವುದು ಇಲ್ಲಿಯೇ. ಆಂಡ್ರಾಯ್ಡ್‌ನಲ್ಲಿ ಚಿತ್ರ 24 ಡಿಪಿ (ತೆರೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆಯ ಮಾನ) ಇದ್ದರೂ ಬೆರಳು ತಾಗುವ ಜಾಗ 48 ಡಿಪಿ ಇರಲಿ. ವೆಬ್‌ಗೆ ಎಸ್‌ವಿಜಿ ರೂಪವೇ (ಚಿತ್ರವನ್ನು ಚುಕ್ಕೆಗಳ ಬದಲು ರೇಖೆಗಳ ಲೆಕ್ಕವಾಗಿ ಉಳಿಸುವ ಕಡತ) ಸೂಕ್ತ, ಏಕೆಂದರೆ ಹಿಗ್ಗಿಸಿದರೂ ಅದರ ಅಂಚು ಒಡೆಯುವುದಿಲ್ಲ. ಹೆಸರಿಲ್ಲದ ಐಕಾನ್ ಗುಂಡಿಗೆ ಕಣ್ಣು ಕಾಣದವರಿಗೆ ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಓದುವಂತೆ ಕನ್ನಡ ವಿವರಣೆ ಕೊಡುವುದನ್ನು ಮರೆಯಬಾರದು.

ಇಷ್ಟಾದರೂ ಕೆಲವು ವಿಷಯಗಳಿಗೆ ಚಿತ್ರ ಒದಗುವುದಿಲ್ಲ. ಪಹಣಿ, ಖಾತೆ ಬದಲಾವಣೆ, ಋಣಭಾರ ಪತ್ರ ಇವೆಲ್ಲವೂ ಐಕಾನ್ ಆದೊಡನೆ ಮಡಿಸಿದ ಮೂಲೆಯ ಒಂದೇ ಕಾಗದದ ಹಾಳೆಯಾಗಿಬಿಡುತ್ತವೆ. ಅಂಥ ಕಡೆ ಗುಂಡಿಯ ಮೇಲೆ ಪದವನ್ನೇ ಬರೆಯಬೇಕು.