ರೆಟಿನಾಯ್ಡ್ ಶುರು ಮಾಡ್ತಿದ್ದೀರಾ? ಮೊದಲು ಟ್ಯೂಬ್ ತಿರುಗಿಸಿ ಓದಿ

ರೆಟಿನಾಲ್ ಅನ್ನೋ ರೆಟಿನಾಯ್ಡ್ ಕ್ರೀಮ್ ಹಚ್ಚಿದ ಒಂದು ವಾರಕ್ಕೇ ಮುಖ ಕೆಂಪಾಗಿ, ಮೂಗಿನ ಪಕ್ಕ ಸಿಪ್ಪೆ ಎದ್ದು, 'ಇದು ನನಗೆ ಆಗಿಬರಲ್ಲ' ಅಂತ ಬಿಟ್ಟವರು ತುಂಬ ಜನ. ಬಹಳಷ್ಟು ಸಲ ತಪ್ಪು ಕ್ರೀಮಿನದ್ದಲ್ಲ, ಅವಸರದ್ದು. ನಮ್ಮ ಮೈಬಣ್ಣದವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ಉರಿ ಎದ್ದ ಜಾಗ ಕಪ್ಪಾಗಿ, ಆ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕಲೆ ಹೋಗಲಿ ಅಂತ ಹಚ್ಚಿದ್ದೇ ಕಲೆ ತಂದರೆ ಏನು ಬಂತು, ಅಲ್ವಾ?

ರೆಟಿನಾಯ್ಡ್‌ಗಳು ವಿಟಮಿನ್ ಎ ಕುಟುಂಬದವು. ಮೊಡವೆಗೂ ಸಣ್ಣ ಸುಕ್ಕಿಗೂ ಕೆಲಸ ಮಾಡುತ್ತವೆ. ಸೌಂದರ್ಯವರ್ಧಕವಾಗಿ ಸಿಗುವ ರೆಟಿನಾಲ್ ಸೌಮ್ಯ, ಯಾಕೆಂದರೆ ಅದು ಚರ್ಮದೊಳಗೆ ಹೋಗಿ ಎರಡು ಹಂತದಲ್ಲಿ ರೆಟಿನಾಯಿಕ್ ಆಸಿಡ್ ಆಗಬೇಕು. ಟ್ರೆಟಿನಾಯಿನ್ ಅಂದರೆ ನೇರವಾಗಿ ಆ ಆಸಿಡ್ಡೇ. ಅದೂ, ಅಡಾಪಲೀನ್ ಅನ್ನೋ ಇನ್ನೊಂದು ರೆಟಿನಾಯ್ಡೂ ಔಷಧಿಗಳು, ಡಾಕ್ಟರ ಚೀಟಿ ಇಲ್ಲದೆ ಬೇಡ. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಯಾವ ರೆಟಿನಾಯ್ಡ್ ತಂಟೆಗೂ ಹೋಗಬೇಡಿ. ಹಾಲೂಡಿಸುವವರು ಡಾಕ್ಟರನ್ನು ಕೇಳಿ.

ಇನ್ನು ಟ್ಯೂಬ್ ವಿಷಯ. ಬಂಗು, ಅಂದರೆ ಮುಖದ ಮೇಲಿನ ಕಂದು ಕಲೆಗೆ ಅಂತ ಡಾಕ್ಟರ್ ಸ್ವಲ್ಪ ದಿನಕ್ಕೆ ಬರೆದುಕೊಡುವ ಒಂದು ಕ್ರೀಮ್ ಇದೆ. ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಸೇರಿದ್ದು. ಅದನ್ನೇ ಜನ ಬೆಳ್ಳಗಾಗುವ ಕ್ರೀಮ್ ಅಂದುಕೊಂಡು, ಪಕ್ಕದ ಮನೆಯವರು ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ವರ್ಷಗಟ್ಟಲೆ ಹಚ್ಚುತ್ತಾರೆ. ಮೊಮೆಟಾಸೋನ್ ಸ್ಟೀರಾಯ್ಡ್. ಮೊದಮೊದಲು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಜಾಸ್ತಿಯಾಗಿ, ಕೂದಲೂ ಬೆಳೆಯಬಹುದು. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅನ್ನೋ ಸ್ಟೀರಾಯ್ಡ್ ಹೆಸರು ಕಂಡರೆ ಡಾಕ್ಟರ್ ಬರೆಯದೆ ಕೊಳ್ಳಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಮುಖ ಇನ್ನೂ ಕೆರಳುತ್ತದೆ. ಚರ್ಮದ ಡಾಕ್ಟರ ಹತ್ತಿರ ಹೋಗಿ.

ರೆಟಿನಾಯ್ಡ್ ಹಚ್ಚೋದು ರಾತ್ರಿ ಮಾತ್ರ. ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹಣೆ, ಎರಡು ಕೆನ್ನೆ, ಗಲ್ಲದ ಮೇಲೆ ಚುಕ್ಕಿ ಇಟ್ಟು ತೆಳುವಾಗಿ ಹರಡಿ. ಕಣ್ಣಿನ ಸುತ್ತ, ತುಟಿಯ ಅಂಚು, ಮೂಗಿನ ಸಂದಿ ಬಿಟ್ಟುಬಿಡಿ. ಮೊಡವೆ ಇದ್ದಲ್ಲಿ ಮಾತ್ರ ಹಚ್ಚುವ ಅಭ್ಯಾಸವೂ ಬೇಡ, ಹೊಸ ಮೊಡವೆ ಎಲ್ಲಿ ಏಳುತ್ತೆ ಅಂತ ಮೊದಲೇ ಯಾರಿಗೆ ಗೊತ್ತು? ಮೇಲೆ ಮಾಯಿಶ್ಚರೈಸರ್. ಒಣ ಚರ್ಮದವರು ಕೆಳಗೂ ಒಂದು ಪದರ ಹಚ್ಚಿಕೊಳ್ಳಿ.

ಮೊದಲ ಎರಡು ವಾರ, ವಾರಕ್ಕೆ ಎರಡೇ ರಾತ್ರಿ. ತಡೆದುಕೊಂಡರೆ ಒಂದು ದಿನ ಬಿಟ್ಟು ಒಂದು ದಿನ, ಅದೂ ಒಗ್ಗಿದ ಮೇಲೆ ದಿನಾ. ವಾರಕ್ಕೆ ಮೂರೇ ಸಲ ಒಗ್ಗಿದರೆ ಅಲ್ಲಿಗೇ ನಿಲ್ಲಿಸಿ, ನಷ್ಟವೇನಿಲ್ಲ.

ಈ ಅವಧಿಯಲ್ಲಿ ಸ್ಕ್ರಬ್, ನಿಂಬೆರಸ, ಕಡಲೆಹಿಟ್ಟಿನ ಉಜ್ಜಾಟ, ಗ್ಲೈಕಾಲಿಕ್ ಆಸಿಡ್ ಎಲ್ಲಕ್ಕೂ ರಜೆ. ಬೆಳಿಗ್ಗೆ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಎರಡು ಬೆರಳುದ್ದ. ಮೋಡ ಇದ್ದರೂ ತಪ್ಪಿಸಬೇಡಿ.

ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ಕಾಣಬಹುದು, ಗಾಬರಿ ಬೇಡ. ಫಲ ಕಾಣಲು ಸುಮಾರು 12 ವಾರ ಬೇಕು. ಸ್ವಲ್ಪ ಒಣಗುವುದು, ಸಿಪ್ಪೆ ಏಳುವುದು ಸಹಜ. ಆದರೆ ಮುಖ ಊದಿದರೆ, ಬಿರುಕು ಬಿಟ್ಟರೆ, ಬರೀ ನೀರು ತಾಗಿದರೂ ಉರಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹಾಂ, ಮದುವೆ ಮನೆಗೆ ಮುಂಚೆ ಪಾರ್ಲರ್‌ಗೆ ಹೋಗುವವರು ವಾರ ಮೊದಲೇ ರೆಟಿನಾಯ್ಡ್ ಕ್ರೀಮ್ ನಿಲ್ಲಿಸಿ. ಇಲ್ಲದಿದ್ದರೆ ಮೇಲ್ತುಟಿಗೆ ವ್ಯಾಕ್ಸ್ ಎಳೆದಾಗ ಕೂದಲಿನ ಜೊತೆ ಚರ್ಮವೂ ಕಿತ್ತು ಬರಬಹುದು.