ನಾನು ಕಟ್ಟುವ ರೂಸ್‌ವೆಲ್ಟ್ ವೇಷ

ಫ್ಲಾರಿಡಾದ ಸೆಬಾಸ್ಟಿಯನ್ ಊರಿನೆದುರು, ಇಂಡಿಯನ್ ರಿವರ್ ಅನ್ನುವ ಉಪ್ಪು ಹಿನ್ನೀರಿನಲ್ಲಿ, ಪೆಲಿಕನ್ ಐಲ್ಯಾಂಡ್ ಎಂಬ ಪುಟ್ಟ ನಡುಗಡ್ಡೆಯಿದೆ. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅದನ್ನು 1903ರ ಮಾರ್ಚ್ 14ರಂದು ಹಕ್ಕಿಗಳಿಗೆಂದು ಮೀಸಲಿಟ್ಟರು. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಧಾಮಗಳ ಲೆಕ್ಕ ಶುರುವಾಗುವುದೇ ಅಲ್ಲಿಂದ. ಆ ಧಾಮ ನೋಡಲು ಬರುವವರ ಮುಂದೆ ನಾನು ಆ ರೂಸ್‌ವೆಲ್ಟ್ ಆಗಿ ನಿಲ್ಲುತ್ತೇನೆ. ಮೈಬಣ್ಣ ನೋಡಿ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಮಾತಿನ ಧಾಟಿ ಸಿಕ್ಕಿತೆಂದರೆ ಮಿಕ್ಕದ್ದನ್ನು ಜನ ಒಪ್ಪಿಕೊಳ್ಳುತ್ತಾರೆ ಅನ್ನುವುದು ಊರಿನ ಹವ್ಯಾಸಿ ನಾಟಕಗಳಲ್ಲೇ ಕಲಿತದ್ದು.

ಆ ಧಾಟಿಯೇ ಕಷ್ಟದ್ದು. ದಪ್ಪ ಮೀಸೆ, ಗೂಳಿ ಕುತ್ತಿಗೆ ನೋಡಿ ಗಡಸು ಗಂಟಲಿರಬೇಕು ಅಂದುಕೊಳ್ಳುತ್ತೇವೆ. 1912ರ ಧ್ವನಿಮುದ್ರಣ ಕೇಳಿದರೆ ತೆಳು ಕಂಠ, ಏರು ಶ್ರುತಿ, ಒಂದೊಂದು ಪದವನ್ನೂ ಹಲ್ಲಿನಲ್ಲಿ ಕತ್ತರಿಸಿ ಮುಂದಿಡುವ ರೀತಿ. ಕನ್ನಡಕದ್ದು ಬೇರೆಯೇ ಪೇಚು: ಕಿವಿಗೆ ಕಡ್ಡಿಯಿಲ್ಲ, ಮೂಗನ್ನೇ ಚಿವುಟಿ ಕೂರಬೇಕು. ಉಣ್ಣೆ ಸೂಟಿನೊಳಗೆ ಬೆವರು ಹರಿಯತೊಡಗಿದರೆ ಜಾರುತ್ತದೆ. ದಾರ ಕಟ್ಟಿ ಕೋಟಿಗೆ ಸಿಕ್ಕಿಸಿದ್ದೇನೆ. ಬಿದ್ದಾಗ ಹಿಡಿದು, ಒರೆಸಿ, ಮತ್ತೆ ಏರಿಸುವುದನ್ನೇ ಪಾತ್ರದ ಚಾಳಿ ಮಾಡಿಕೊಂಡೆ.

ಇನ್ನು, ನಾನು ಯಾವ ಇಸವಿಯ ರೂಸ್‌ವೆಲ್ಟ್? ಅವರು ಈ ನಡುಗಡ್ಡೆಗೆ ಬಂದವರೇ ಅಲ್ಲ. 1903ರವರಾಗಿ ನಿಂತರೆ, ಇಲ್ಲೇ ನಿಂತು ಸಹಿ ಹಾಕಿದರೇನೋ ಎಂದು ಜನ ನಂಬಿಬಿಡುತ್ತಾರೆ. ಅದಕ್ಕೇ 1915 ಆರಿಸಿಕೊಂಡೆ. ಆಗ ಅವರು ಮಾಜಿ ಅಧ್ಯಕ್ಷ. ತಾವೇ 1904ರಲ್ಲಿ ಮೀಸಲಿಟ್ಟ ಲೂಯಿಸಿಯಾನದ ಬ್ರೆಟನ್ ದ್ವೀಪಗಳಿಗೆ ಆ ವರ್ಷ ಹೋಗಿ ಹಕ್ಕಿ ನೋಡಿ ಬಂದಿದ್ದರು. ಪೆಲಿಕನ್ ಐಲ್ಯಾಂಡಿನ ಶ್ರೇಯಸ್ಸನ್ನು ಪಾಲ್ ಕ್ರೋಗೆಲ್‌ಗೆ ಬಿಟ್ಟುಕೊಡುತ್ತೇನೆ. ಜರ್ಮನಿಯಿಂದ ವಲಸೆ ಬಂದ ಈತ, ತಿಂಗಳಿಗೆ ಒಂದು ಡಾಲರ್ ಸಂಬಳಕ್ಕೆ ದೋಣಿಯಲ್ಲಿ ಕಾವಲು ಕಾಯ್ದ ಮೊದಲ ವಾರ್ಡನ್.

ಕೈಯಲ್ಲೊಂದು ಹೆಂಗಸರ ಟೋಪಿ ಹಿಡಿದಿರುತ್ತೇನೆ. ಆ ಕಾಲಕ್ಕೆ ಇಂಥ ಟೋಪಿಗೆ ಸಿಕ್ಕಿಸುತ್ತಿದ್ದ ಬೆಳ್ಳಕ್ಕಿ ಗರಿ ತೂಕಕ್ಕೆ ತೂಕ ಚಿನ್ನಕ್ಕಿಂತ ದುಬಾರಿ. ಆ ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ. ದೊಡ್ಡ ಹಕ್ಕಿಯನ್ನು ಹೊಡೆದರೆ ಗೂಡಿನಲ್ಲಿ ಮರಿಗಳೂ ಹಸಿದು ಸಾಯುತ್ತಿದ್ದವು. ನನ್ನ ಟೋಪಿಗೆ ಸಿಕ್ಕಿಸಿರುವುದು ಕೋಳಿ ಗರಿ. ಯಾಕೆಂದು ಹೇಳಲು ಮಾತ್ರ ವೇಷದಿಂದ ಹೊರಗೆ ಬರಬೇಕು, 1915ರ ಮನುಷ್ಯನಿಗೆ 1918ರ ವಲಸೆ ಹಕ್ಕಿಗಳ ಕಾಯ್ದೆ ಗೊತ್ತಿರುವುದಿಲ್ಲವಲ್ಲ. ಅದರ ಪ್ರಕಾರ ಬೆಳ್ಳಕ್ಕಿ ಗರಿ ನೆಲದಲ್ಲಿ ಸಿಕ್ಕಿದ್ದಾದರೂ ಇಟ್ಟುಕೊಳ್ಳುವಂತಿಲ್ಲ. ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬ ಹುಡುಗ ಮೆಲ್ಲಗೆ ಜೇಬಿಗೆ ಕೈ ಹಾಕಿ, ಆರಿಸಿಕೊಂಡ ಗರಿ ತೆಗೆದು ಅಮ್ಮನ ಮುಖ ನೋಡುತ್ತಾನೆ.

ನಡುವೆ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಬಂದರೆ ಮಾತು ನಿಲ್ಲಿಸುತ್ತೇನೆ. ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಕಾಣುವ ಜಾತಿಯಲ್ಲ ಇದು. ಇಲ್ಲಿಯ ಕಂದು ಹೆಜ್ಜಾರ್ಲೆ ಮೇಲಿನಿಂದ ನೇರ ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ಅದರ ಮುಂದೆ ಯಾವ ನಟನ ಆಟವೂ ನಡೆಯುವುದಿಲ್ಲ.

ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ನೀವು ಬೇಟೆಗಾರರಲ್ಲವೇ?’ ಹೌದು. 1909-10ರ ಆಫ್ರಿಕಾ ಪ್ರವಾಸದಲ್ಲಿ ಅಪ್ಪ ಮಗ ಸೇರಿ ಹೊಡೆದ ಪ್ರಾಣಿಗಳು 512. ಸಂಖ್ಯೆಯನ್ನು ನುಂಗದೆ ಹೇಳುತ್ತೇನೆ. ಇದನ್ನು ಬಿಟ್ಟು ಅವರನ್ನು ಋಷಿಯಂತೆ ತೋರಿಸುವುದು ನನಗೆ ಒಗ್ಗದು. ಮ್ಯೂಸಿಯಂಗೆ ಮಾದರಿಗಳು ಬೇಕಿದ್ದವು ಎಂದು ಪಾತ್ರ ತನ್ನ ಪರ ವಾದಿಸುತ್ತದೆ, ಮುಷ್ಟಿಯಿಂದ ಅಂಗೈಗೆ ಗುದ್ದಿಕೊಂಡು. ಕೆಲವರು ತಲೆದೂಗುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಒಪ್ಪದವರನ್ನು ಒಪ್ಪಿಸುವ ಗೋಜಿಗೆ ನಾನು ಹೋಗುವುದಿಲ್ಲ.